18 ತುಂಬಿದ ಮೇಲೆ ಪಾಸ್‌ಬುಕ್ ಯಾರ ಕೈಗೆ?

ನನ್ನ ಅಕ್ಕ ಹರಿಹರದ ಹತ್ತಿರ ಒಂದು ಹಳ್ಳಿಯಲ್ಲಿದ್ದಾಳೆ. ಅವಳ ಮಗನಿಗೆ ಬುದ್ಧಿ ಬೆಳವಣಿಗೆ ನಿಧಾನ. ಅವನು ಏಳು ವರ್ಷದವನಿದ್ದಾಗ ಅಕ್ಕ ಅವನ ಹೆಸರಲ್ಲಿ ಬ್ಯಾಂಕಿನಲ್ಲಿ ಒಂದು ಮೈನರ್ ಖಾತೆ ತೆಗೆದಳು. ಹೊಲಿಗೆಯಲ್ಲಿ ಉಳಿದದ್ದು, ಹಬ್ಬಕ್ಕೆ ಅಜ್ಜ ಕೈಗಿಟ್ಟದ್ದು, ಅವನ ಮಾಸಾಶನದಲ್ಲಿ ಮಿಕ್ಕದ್ದು, ಎಲ್ಲವೂ ಅಲ್ಲಿಗೇ ಹೋಗುತ್ತಿತ್ತು. ಹೀಗೆ ಹನ್ನೊಂದು ವರ್ಷ. ದಾವಣಗೆರೆಯಲ್ಲಿ ಅವನನ್ನು ಕೆಲಸ ಕಲಿಯಲು ಸೇರಿಸಬೇಕು, ಕಾಲಿಗೆ ಬೇರೆ ಥರದ ಬೂಟು ಮಾಡಿಸಬೇಕು ಅಂತ ಹಣ ತೆಗೆಯಲು ಹೋದಳು. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ ಹೇಳಿದರು: "ನೋಡ್ರಿ ಅಮ್ಮಾ, ಹುಡುಗನಿಗೆ ಹದಿನೆಂಟು ಆಯ್ತು. ಇನ್ಮೇಲೆ ನಿಮ್ಮ ಸಹಿ ನಡೆಯಲ್ಲ. ಅವನೇ ಸಹಿ ಮಾಡ್ಬೇಕು."

"ಅವನಿಗೆ ಸಹಿ ಬರಲ್ಲ ಸರ್. ದುಡ್ಡಿನ ಲೆಕ್ಕ ಅರ್ಥ ಆಗಲ್ಲ."

"ಹಂಗಾದ್ರೆ ಕೋರ್ಟಿಂದ ಆರ್ಡರ್ ತರ್ಬೇಕು."

ಅಕ್ಕ ವಕೀಲರನ್ನು ಹುಡುಕಿದಳು, ನಾನು ಜೊತೆಗೆ ಓಡಾಡಿದೆ. ಏಳು ತಿಂಗಳು ಸುಮ್ನೆ ಕಳೆಯಿತು. ಆಮೇಲೆ ಗೊತ್ತಾಯಿತು, ನಮ್ಮ ಹುಡುಗನಂಥವರಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಅಗತ್ಯವೇ ಇಲ್ಲ. ಬೇರೆ ದಾರಿ 1999ರಿಂದಲೇ ಇದೆ. ಇದನ್ನು ಹೇಳಿದ್ದು ಬ್ಯಾಂಕಲ್ಲ, ವಕೀಲರೂ ಅಲ್ಲ. ಪಂಚಾಯಿತಿಯಲ್ಲಿ ಕೆಲಸ ಮಾಡುವ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ನಮಗಾದ ಅಲೆದಾಟ ಇನ್ನೊಂದು ಮನೆಯವರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಬ್ಯಾಂಕಿನವರು ಹಾಗೆ ಯಾಕೆ ಹೇಳಿದರು ಅಂತ ನೋಡೋಣ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು.

ನಮ್ಮ ದೇಶದಲ್ಲಿ ವ್ಯಕ್ತಿ ಮೇಜರ್ ಆಗುವುದು 18ಕ್ಕೆ. 1875ರ ವಯಸ್ಕತನದ ಕಾಯ್ದೆಯಿಂದ ಬಂದ ನಿಯಮ ಅದು. ಅಲ್ಲಿಯವರೆಗೆ ತಂದೆ ತಾಯಿ ಸಹಜ ಗಾರ್ಡಿಯನ್. ಮಗುವಿನ ಪರವಾಗಿ ಅವರು ಸಹಿ ಹಾಕಬಹುದು. 18 ತುಂಬಿದ ದಿನ ಆ ಅಧಿಕಾರ ತಾನಾಗಿ ಮುಗಿಯುತ್ತದೆ. ಮಗುವಿಗೆ ಎಷ್ಟೇ ತೀವ್ರ ವೈಕಲ್ಯ ಇರಲಿ, ಮುಗಿಯುತ್ತದೆ. ಅಮ್ಮ ನಿನ್ನೆ ಊಟ ಮಾಡಿಸಿದ ಹಾಗೆ ಇವತ್ತೂ ಮಾಡಿಸುತ್ತಾಳೆ, ಆದರೆ ಕಾಗದದ ಮೇಲೆ ಅವಳು ಬರೀ ಸಂಬಂಧಿಕಳು. ರಿಸರ್ವ್ ಬ್ಯಾಂಕ್ ನಿಯಮವೂ ಇದಕ್ಕೆ ತಕ್ಕ ಹಾಗಿದೆ. ಮೈನರ್ ಖಾತೆಯ ಹುಡುಗ ಮೇಜರ್ ಆದಾಗ ಅವನಿಂದ ಹೊಸ ಮಾದರಿ ಸಹಿ ಪಡೆಯಬೇಕು, ಖಾತೆಯನ್ನು ಯಾರು ಹೇಗೆ ನಡೆಸುತ್ತಾರೆ ಅಂತ ಬರೆಸಿಕೊಳ್ಳಬೇಕು, ಗಾರ್ಡಿಯನ್ ನಡೆಸುತ್ತಿದ್ದರೆ ಬಾಕಿ ಎಷ್ಟಿದೆ ಅಂತ ಖಚಿತ ಮಾಡಿಕೊಳ್ಳಬೇಕು.

ಈ ನಿಯಮದ ಹಿಂದೆ ಕೆಟ್ಟ ಉದ್ದೇಶ ಇಲ್ಲ. ಹಣ ಮಗುವಿನದು, ತಂದೆ ತಾಯಿಯದಲ್ಲ. ಎಲ್ಲ ಮನೆಯಲ್ಲೂ ನಮ್ಮ ಅಕ್ಕನಂಥವರೇ ಇರುವುದಿಲ್ಲ. ಮಗನ ಮಾಸಾಶನ ಎತ್ತಿ ಬೇರೆಯದಕ್ಕೆ ಸುರಿಯುವ ಮನೆಗಳೂ ಇವೆ. ತೊಂದರೆ ಎಲ್ಲಿದೆ ಅಂದರೆ, ಹಣವನ್ನು ಕಾಯುವ ಬೀಗ ಎಲ್ಲರಿಗೂ ಗೊತ್ತು, ಅದನ್ನು ತೆಗೆಯುವ ಕೀಲಿ ಎಲ್ಲಿದೆ ಅನ್ನೋದು ಯಾರಿಗೂ ಗೊತ್ತಿಲ್ಲ.

ಈಗ ಮುಖ್ಯವಾದ ಮಾತು. ವೈಕಲ್ಯ ಇರುವ ಎಲ್ಲ ಮಕ್ಕಳಿಗೂ ಗಾರ್ಡಿಯನ್ ಬೇಕಾಗಿಲ್ಲ. ಬಹಳಷ್ಟು ಮಕ್ಕಳಿಗೆ ಬೇಡವೇ ಬೇಡ.

ಕಣ್ಣು ಕಾಣದ ಹುಡುಗಿ, ಕಿವಿ ಕೇಳದ ಹುಡುಗ, ಪೋಲಿಯೋ ಆದವರು, ಕೈ ಇಲ್ಲದವರು, ಇವರೆಲ್ಲ 18 ಆದ ದಿನದಿಂದ ತಮ್ಮ ಖಾತೆ ತಾವೇ ನಡೆಸಬಹುದು. ಅಂಧರು ಕರಾರು ಮಾಡಿಕೊಳ್ಳಲು ಪೂರ್ತಿ ಅರ್ಹರು, ಚೆಕ್‌ಬುಕ್, ಎಟಿಎಂ ಕಾರ್ಡ್, ಲಾಕರ್ ಯಾವುದನ್ನೂ ಅವರಿಗೆ ಇಲ್ಲ ಅನ್ನಬಾರದು ಅಂತ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಸಹಿ ಬರದಿದ್ದರೆ ಹೆಬ್ಬೆಟ್ಟು ಸಾಕು. ಕೈ ಬೆರಳು ಆಗದಿದ್ದರೆ ಕಾಲ್ಬೆರಳಿನ ಗುರುತೂ ನಡೆಯುತ್ತದೆ. ಇಬ್ಬರು ಸಾಕ್ಷಿ ಇರಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನವರೇ ಆಗಿರಬೇಕು. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳ ಮಾತು ನಮಗೆ ತಿಳಿಯಲ್ಲ, ಕೈ ನಡುಗುತ್ತದೆ, ಆದರೆ ತಲೆ ಚುರುಕು. ಅವರಿಗೆ ಗಾರ್ಡಿಯನ್ ನೇಮಿಸಿದರೆ ದೊಡ್ಡ ಅನ್ಯಾಯ. ಸರ್ಟಿಫಿಕೇಟಿನಲ್ಲಿರುವ ಕಾಯಿಲೆಯ ಹೆಸರು ನೋಡಿ ತೀರ್ಮಾನಿಸಬೇಡಿ, ಎದುರಿಗಿರುವ ಮಗುವನ್ನು ನೋಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಇದನ್ನೇ ಹೇಳುತ್ತದೆ. ಆಸ್ತಿ ಹೊಂದುವ, ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ ಹಕ್ಕು ಬೇರೆ ಎಲ್ಲರಷ್ಟೇ ಇವರಿಗೂ ಇದೆ. ಸಹಾಯ ಬೇಕಿದ್ದರೆ ಸಹಾಯ ಕೊಡಿ, ನಿರ್ಧಾರ ಕಿತ್ತುಕೊಳ್ಳಬೇಡಿ ಅನ್ನೋದು ಅದರ ಧಾಟಿ. ಆ ಕಾಯ್ದೆಯಲ್ಲಿ ಸೀಮಿತ ಗಾರ್ಡಿಯನ್ ಅಂತ ಒಂದು ವ್ಯವಸ್ಥೆ ಇದೆ. ಅಲ್ಲಿ ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಮಾತಾಡಿ, ಒಂದು ನಿರ್ದಿಷ್ಟ ಕೆಲಸಕ್ಕೆ, ಒಂದು ನಿರ್ದಿಷ್ಟ ಅವಧಿಗೆ ಜೊತೆಯಾಗಿ ತೀರ್ಮಾನ ಮಾಡಬೇಕು.

ನಮ್ಮ ಹುಡುಗ ಗಾರ್ಡಿಯನ್ ಇಲ್ಲದೆ ತಾನೇ ಖಾತೆ ನಡೆಸಬಲ್ಲವರ ಗುಂಪಿಗೆ ಸೇರಬಹುದಾ ಅಂತ ನಾವೂ ಪ್ರಾಮಾಣಿಕವಾಗಿ ಯೋಚಿಸಿದೆವು. ಅವನಿಗೆ ಹತ್ತರ ನೋಟು, ಐವತ್ತರ ನೋಟು ಗೊತ್ತು. ಅಂಗಡಿಗೆ ಹೋಗಿ ಮಂಡಕ್ಕಿ ತರುತ್ತಾನೆ, ಚಿಲ್ಲರೆ ವಾಪಸ್ ಕೇಳುತ್ತಾನೆ. ಆದರೆ ಎಫ್‌ಡಿ ಅಂದರೇನು, ಯಾರಾದರೂ ಪಾಸ್‌ಬುಕ್ ಕೇಳಿದರೆ ಯಾಕೆ ಕೊಡಬಾರದು, ಇದು ಅವನಿಗೆ ತಿಳಿಯುವುದಿಲ್ಲ. ಯಾರು ನಕ್ಕು ಮಾತಾಡಿಸಿದರೂ ಹೆಬ್ಬೆಟ್ಟು ಒತ್ತಿಬಿಡುತ್ತಾನೆ. ಆದ್ದರಿಂದ ಬ್ಯಾಂಕಿನ ಮಟ್ಟಿಗೆ ಗಾರ್ಡಿಯನ್ ಬೇಕು ಅಂತ ತೀರ್ಮಾನಿಸಿದೆವು. ಆ ತೀರ್ಮಾನ ಅಷ್ಟು ಸುಲಭವಾಗಿರಲಿಲ್ಲ. ಅಕ್ಕ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಇನ್ನು ದಾರಿ ಯಾವುದು ನೋಡೋಣ. ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999. ಇದು ನಾಲ್ಕು ಸ್ಥಿತಿ ಇರುವವರಿಗೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ. ಈ ಕಾಯ್ದೆಯ ಪ್ರಕಾರ ಜಿಲ್ಲೆಯಲ್ಲಿ ಒಂದು ಸ್ಥಳೀಯ ಮಟ್ಟದ ಸಮಿತಿ ಇರಬೇಕು. ಅದರಲ್ಲಿ ಜಿಲ್ಲಾಧಿಕಾರಿ, ನ್ಯಾಷನಲ್ ಟ್ರಸ್ಟ್‌ನಲ್ಲಿ (ಈ ಕಾಯ್ದೆಯಿಂದ ಹುಟ್ಟಿದ ಕೇಂದ್ರದ ಸಂಸ್ಥೆ) ನೋಂದಣಿಯಾದ ಒಂದು ಸಂಸ್ಥೆಯ ಪ್ರತಿನಿಧಿ, ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುತ್ತಾರೆ. 18 ದಾಟಿದವರಿಗೆ ಗಾರ್ಡಿಯನ್ ನೇಮಿಸುವ ಅಧಿಕಾರ ಈ ಸಮಿತಿಗೆ ಇದೆ. ವಕೀಲರೂ ಬೇಕಿಲ್ಲ, ಕೋರ್ಟ್ ಶುಲ್ಕವೂ ಇಲ್ಲ.

ಬ್ಯಾಂಕು ಇದನ್ನು ಒಪ್ಪುತ್ತದಾ? ಒಪ್ಪಬಹುದು ಅಂತ ರಿಸರ್ವ್ ಬ್ಯಾಂಕ್ 2007ರ ನವೆಂಬರ್‌ನಲ್ಲೇ ಸುತ್ತೋಲೆ ಕಳಿಸಿದೆ. ಖಾತೆ ತೆರೆಯಲು, ನಡೆಸಲು ಜಿಲ್ಲಾ ನ್ಯಾಯಾಲಯದ ಪತ್ರವನ್ನೂ ನಂಬಬಹುದು, ಈ ಸಮಿತಿಯ ಪತ್ರವನ್ನೂ ನಂಬಬಹುದು ಅಂತ ಅದರಲ್ಲಿದೆ. ತಂದೆ ತಾಯಿಗೆ ಶಾಖೆಯಲ್ಲಿ ಸರಿಯಾದ ಮಾಹಿತಿ ಸಿಗಬೇಕು ಅಂತಲೂ ಹೇಳಿದೆ. ನಮಗೆ ಕೌಂಟರಿನಲ್ಲಿ ಸಿಗದೇ ಹೋದದ್ದು ಇದೇ. ಅಲ್ಲಿದ್ದ ಸಿಬ್ಬಂದಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಎರಡನೇ ಸಲ ಹೋದಾಗ ಸುತ್ತೋಲೆಯ ಪ್ರಿಂಟ್ ತೆಗೆದುಕೊಂಡು ಹೋದೆವು. ಮ್ಯಾನೇಜರ್ ಓದಿ, ತಮ್ಮ ಮೇಲಿನ ಆಫೀಸಿಗೆ ಫೋನ್ ಮಾಡಿ, "ಸಮಿತಿ ಪತ್ರ ತನ್ರಿ, ಮಾಡಿಕೊಡ್ತೀವಿ" ಅಂದರು.

ಅರ್ಜಿಯನ್ನು ತಂದೆ ತಾಯಿ ಅಥವಾ ಹತ್ತಿರದ ಸಂಬಂಧಿಕರು ಹಾಕಬಹುದು. ತಮ್ಮನ್ನೇ ನೇಮಿಸಿ ಅಂತ ಕೇಳಬಹುದು, ಅಣ್ಣ ಅಥವಾ ಅಕ್ಕನ ಹೆಸರನ್ನೂ ಸೂಚಿಸಬಹುದು. ಗಾರ್ಡಿಯನ್ ಆಗುವವರು ಭಾರತದ ಪ್ರಜೆಯಾಗಿರಬೇಕು, ಶಿಕ್ಷೆ ಆದವರಾಗಿರಬಾರದು, ದಿವಾಳಿ ಆಗಿರಬಾರದು, ತಮ್ಮ ಹೊಟ್ಟೆಪಾಡಿಗೆ ಇನ್ನೊಬ್ಬರ ಮೇಲೆ ಅವಲಂಬಿಸಿರಬಾರದು. ಹೆಣ್ಣುಮಗಳಿಗೆ ಒಂಟಿ ಗಂಡಸೊಬ್ಬನನ್ನೇ ಗಾರ್ಡಿಯನ್ ಮಾಡುವ ಹಾಗಿಲ್ಲ, ಹೆಂಡತಿಯ ಜೊತೆ ಸೇರಿ ಆಗಬಹುದು. ಇದು ಒಳ್ಳೆಯ ನಿಯಮ.

ಜೊತೆಗೆ ಕೊಡಬೇಕಾದ ಕಾಗದಗಳು ಹೊಸವೇನಲ್ಲ. ಹುಟ್ಟಿದ ದಿನಾಂಕದ ದಾಖಲೆ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಅಥವಾ ಅಂಗವೈಕಲ್ಯ ಪ್ರಮಾಣಪತ್ರ, ವಿಳಾಸದ ದಾಖಲೆ, ಫೋಟೋ, ಗಾರ್ಡಿಯನ್ ಆಗುವವರ ಒಪ್ಪಿಗೆ. ಮಗುವಿನ ಹೆಸರಲ್ಲಿ ಏನೇನು ಆಸ್ತಿ, ಹಣ ಇದೆ ಅಂತಲೂ ಬರೆಯಿರಿ. ದಾವಣಗೆರೆಯಲ್ಲಾದರೆ ಪ್ರಮಾಣಪತ್ರಕ್ಕೆ ಚಿಗಟೇರಿ ಆಸ್ಪತ್ರೆಗೆ ಹೋಗುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಅರ್ಜಿಯ ವಿಷಯ ಕೇಳಲು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ. ಅಷ್ಟು ದೂರ ಆಗದಿದ್ದರೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯವರು ಬಸ್ಸು ಹತ್ತುವ ಮೊದಲು ಇವರನ್ನೇ ಹಿಡಿಯಿರಿ. ಅವರಲ್ಲಿ ಎಷ್ಟೋ ಜನ ತಾವೇ ವಿಕಲಚೇತನರು, ಓಡಾಟದ ಕಷ್ಟ ಅವರಿಗೆ ಹೇಳಿಕೊಡಬೇಕಿಲ್ಲ. ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಜನ ಸಿಆರ್‌ಸಿ ಅನ್ನುವುದು, ದಾವಣಗೆರೆಯಲ್ಲೇ ಇದೆ. ಮಗುವಿನ ಸಾಮರ್ಥ್ಯ ಎಷ್ಟಿದೆ ಅಂತ ತಿಳಿಯಲು, ತರಬೇತಿಗೆ ಅಲ್ಲಿ ಕೇಳಬಹುದು.

ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾಯ್ದೆ ಹೇಳುತ್ತದೆ. ಜಿಲ್ಲಾಧಿಕಾರಿಗಳಿಗೆ ನೂರು ಕೆಲಸ, ಚುನಾವಣೆ ಬಂದರೆ ಮುಂದೂಡಿಕೆ. ಅದಕ್ಕೇ ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪತ್ರ ಪಡೆದು, ಮುಂದಿನ ಸಭೆ ಯಾವಾಗ ಅಂತ ಕೇಳಿಕೊಂಡು ಬನ್ನಿ.

ಈ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಮಾತಿದೆ. ಅರ್ಜಿ ಬಂದ ತಕ್ಷಣ ಗಾರ್ಡಿಯನ್ ನೇಮಿಸಿಬಿಡುವುದಲ್ಲ. ಈ ವ್ಯಕ್ತಿಗೆ ನಿಜವಾಗಿ ಗಾರ್ಡಿಯನ್ ಬೇಕಾ, ಬೇಕಿದ್ದರೆ ಯಾವ ಕೆಲಸಕ್ಕೆ ಅಂತ ಸಮಿತಿ ಮೊದಲು ಯೋಚಿಸಬೇಕು. ಅರ್ಜಿಯಲ್ಲಿ "ಎಲ್ಲದಕ್ಕೂ" ಅಂತ ಬರೆಯುವ ಬದಲು ನಿಮಗೆ ಬೇಕಾದಷ್ಟನ್ನೇ ಬರೆಯಿರಿ. ಬ್ಯಾಂಕು, ಮಾಸಾಶನ, ಪೋಸ್ಟಾಫೀಸು, ಅಷ್ಟು ಸಾಕಿದ್ದರೆ ಅಷ್ಟೇ. ಅವನು ಯಾವ ಬಟ್ಟೆ ಹಾಕಬೇಕು, ಯಾರ ಮನೆಗೆ ಹೋಗಬೇಕು ಅನ್ನೋದಕ್ಕೆ ಕಾನೂನಿನ ಕಾಗದ ಯಾಕೆ?

ಗಾರ್ಡಿಯನ್ ಆದ ಮೇಲೆ ಕೆಲಸ ಮುಗಿಯುವುದಿಲ್ಲ. ನೇಮಕವಾದ ಆರು ತಿಂಗಳೊಳಗೆ ಮಗುವಿನ ಆಸ್ತಿ, ಹಣ, ಒಡವೆ, ಸಾಲ ಎಲ್ಲದರ ಪಟ್ಟಿಯನ್ನು ಸಮಿತಿಗೆ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ, ಅಂದರೆ ಜೂನ್ ಕೊನೆಯೊಳಗೆ, ಲೆಕ್ಕ ಒಪ್ಪಿಸಬೇಕು. ಗಾರ್ಡಿಯನ್ ಹಣ ದುರುಪಯೋಗ ಮಾಡಿದರೆ, ವ್ಯಕ್ತಿಯನ್ನು ಹಿಂಸಿಸಿದರೆ, ನೋಡಿಕೊಳ್ಳದೆ ಬಿಟ್ಟರೆ, ತಂದೆ ತಾಯಿ, ಸಂಬಂಧಿಕರು ಅಥವಾ ನೋಂದಣಿಯಾದ ಸಂಸ್ಥೆ ಸಮಿತಿಗೆ ದೂರು ಕೊಟ್ಟು ತೆಗೆಸಬಹುದು. ಹಾಗಾಗಿ ಮನೆಯ ದುಡ್ಡು, ಮಗುವಿನ ದುಡ್ಡು ಒಂದೇ ಖಾತೆಯಲ್ಲಿ ಬೆರೆಸಬೇಡಿ. ಅಕ್ಕ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಬೂಟಿನ ಬಿಲ್ಲು, ಬಸ್ ಪಾಸಿನ ರಸೀದಿ, ಔಷಧಿ ಚೀಟಿ ಎಲ್ಲ ಅದರಲ್ಲಿ. ಗೋಂದು ಹಚ್ಚಿ ಅಂಟಿಸುವುದು ಹುಡುಗನ ಕೆಲಸ. ಅದನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ನಾಲ್ಕು ಸ್ಥಿತಿಗಳ ಹೊರಗಿರುವವರ ಮಾತೂ ಹೇಳಬೇಕು. ತೀವ್ರ ಮಾನಸಿಕ ಕಾಯಿಲೆ ಇರುವವರು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. 1987ರ ಹಳೆಯ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿಗೆ ಗಾರ್ಡಿಯನ್ ನೇಮಿಸುವ ದಾರಿ ಇತ್ತು. ಅದರ ಬದಲಿಗೆ ಬಂದ 2017ರ ಕಾಯ್ದೆಯಲ್ಲಿ ಚಿಕಿತ್ಸೆಯ ವಿಷಯಕ್ಕೆ ನಾಮನಿರ್ದೇಶಿತ ಪ್ರತಿನಿಧಿ ಇದ್ದಾರೆ, ಹಣಕಾಸಿಗೆ ಗಾರ್ಡಿಯನ್ ಇಲ್ಲ. ಅಂಥವರು 2016ರ ಕಾಯ್ದೆಯ ಸೀಮಿತ ಗಾರ್ಡಿಯನ್‌ಗಾಗಿ ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ರಾಜ್ಯ ಸರ್ಕಾರ ಗೊತ್ತುಮಾಡಿದ ಅಧಿಕಾರಿಯ ಹತ್ತಿರ ಹೋಗಬೇಕಾಗುತ್ತದೆ. ಹೋಗುವ ಮೊದಲು ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ವಿಕಲಚೇತನರಿಗೆ ಉಚಿತ ವಕೀಲರನ್ನು ಕೊಡುವುದು ಅವರ ಕರ್ತವ್ಯ, ಆದಾಯದ ಮಿತಿ ಅಡ್ಡ ಬರುವುದಿಲ್ಲ.

ಹಣ ಬ್ಯಾಂಕಿನಲ್ಲೇ ಇರಬೇಕು ಅಂತಿಲ್ಲ. ಪೋಸ್ಟಾಫೀಸಿನಲ್ಲೂ 18ರ ತಿರುವು ಇದ್ದೇ ಇದೆ. ಸುಕನ್ಯಾ ಸಮೃದ್ಧಿ ಖಾತೆಯನ್ನು ಹುಡುಗಿಗೆ 18 ಆಗುವವರೆಗೆ ಗಾರ್ಡಿಯನ್ ನಡೆಸುತ್ತಾರೆ, ಆಮೇಲೆ ಅವಳೇ. ಖಾತೆ ತೆರೆದು 21 ವರ್ಷಕ್ಕೆ ಅದು ಪಕ್ವವಾಗುತ್ತದೆ. ಸ್ವಂತವಾಗಿ ವ್ಯವಹರಿಸಲಾಗದವರ ಪರವಾಗಿ ಗಾರ್ಡಿಯನ್ ಖಾತೆ ನಡೆಸುವ ಅವಕಾಶ ಅಂಚೆ ಉಳಿತಾಯ ನಿಯಮಗಳಲ್ಲಿ ಇದೆ. ಗಾರ್ಡಿಯನ್ ಪತ್ರದ ಒಂದು ಪ್ರತಿ ಅಲ್ಲಿಗೂ ಕೊಡಿ.

ನಮ್ಮ ರಾಜ್ಯದ ಭಾಗ್ಯಲಕ್ಷ್ಮಿ ಬಾಂಡ್‌ಗಳ ವಿಷಯವಂತೂ ಈಗ ಅವಸರದ್ದು. ಯೋಜನೆ ಶುರುವಾಗಿದ್ದು 2006-07ರಲ್ಲಿ. ಬಡ ಕುಟುಂಬದ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ಇಟ್ಟ ಹಣ ಅವಳಿಗೆ 18 ತುಂಬಿದಾಗ ಸಿಗಬೇಕು. ಅಂದರೆ ಮೊದಲ ಗುಂಪಿನ ಹುಡುಗಿಯರಿಗೆ 2024ರಿಂದ 18 ತುಂಬುತ್ತಿದೆ. ಅವರಲ್ಲಿ ಬೌದ್ಧಿಕ ವೈಕಲ್ಯ ಇರುವ ಹುಡುಗಿಯರೂ ಇದ್ದಾರೆ. ಹಣ ಬರಬೇಕಾದದ್ದು ಹುಡುಗಿಯ ಖಾತೆಗೆ. ಖಾತೆಯೇ ಗಂಟು ಬಿದ್ದಿದ್ದರೆ? ಎಂಟನೇ ತರಗತಿವರೆಗೆ ಓದಿರಬೇಕು, 18ಕ್ಕೆ ಮೊದಲು ಮದುವೆ ಆಗಿರಬಾರದು ಅನ್ನೋ ಷರತ್ತುಗಳೂ ಇವೆ. ವಿಶೇಷ ಶಾಲೆಯಲ್ಲಿ ಓದಿದ ಮಕ್ಕಳ ತಂದೆ ತಾಯಿ ಶಾಲೆಯ ದಾಖಲೆ ಜೋಪಾನ ಮಾಡಿ. ಬಾಂಡ್ ಹಿಡಿದುಕೊಂಡು ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಅಥವಾ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಈಗಲೇ ಮಾತಾಡಿ.

ಹದಿನೇಳರಲ್ಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸಗಳು ಕೆಲವಿವೆ. ಅದರಲ್ಲಿ ಆಧಾರ್ ಮೊದಲನೆಯದು. 15 ವರ್ಷಕ್ಕೆ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಬೇಕು. ನಮ್ಮ ಮಕ್ಕಳು ಕ್ಯಾಮೆರಾ ಮುಂದೆ ಸುಮ್ಮನೆ ಕೂರುವುದಿಲ್ಲ ಅಂತ ಎಷ್ಟೋ ಜನ ಅದನ್ನು ಬಿಟ್ಟಿರುತ್ತಾರೆ, ಕೊನೆಗೆ ಬ್ಯಾಂಕಿನಲ್ಲಿ ಕೆವೈಸಿ ಸಿಕ್ಕಿಹಾಕಿಕೊಳ್ಳುತ್ತದೆ. ಬೆರಳಚ್ಚು ಕೊಡಲು ಆಗದವರಿಗೆ ವಿನಾಯಿತಿಯಲ್ಲಿ ನೋಂದಣಿ ಮಾಡುವ ವ್ಯವಸ್ಥೆ ಇದೆ, ಕೇಳಿ ಮಾಡಿಸಿಕೊಳ್ಳಿ. ಯುಡಿಐಡಿ ಕಾರ್ಡಿನ ಅವಧಿ ನೋಡಿ. ಚಿಕ್ಕವರಿದ್ದಾಗ ಮಾಡಿಸಿದ್ದು ತಾತ್ಕಾಲಿಕ ಆಗಿರಬಹುದು. ಆಧಾರ್, ಯುಡಿಐಡಿ, ಪಾಸ್‌ಬುಕ್ ಮೂರರಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ಇರಬೇಕು. ನಮ್ಮ ಹುಡುಗನ ಪಾಸ್‌ಬುಕ್ಕಿನಲ್ಲಿ ಅಜ್ಜನ ಹೆಸರಿನ ಮೊದಲಕ್ಷರ ಬಿಟ್ಟುಹೋಗಿತ್ತು. ಅದನ್ನು ಸರಿ ಮಾಡಿಸಲು ಒಂದು ತಿಂಗಳು ಹಿಡಿಯಿತು.

ಹುಟ್ಟುಹಬ್ಬದ ಮೊದಲೇ ಬ್ಯಾಂಕಿಗೆ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ. ಮ್ಯಾನೇಜರ್ ಅವನ ಮುಖ ನೋಡಲಿ. ಬರುವ ಖರ್ಚು ಯಾವುದು ಅಂತ ಗೊತ್ತಿದ್ದರೆ, ನಿಮ್ಮ ಸಹಿ ನಡೆಯುವಾಗಲೇ ಮಗುವಿಗೆ ಬೇಕಾದ ವಸ್ತು ಕೊಂಡು ಬಿಲ್ಲು ಇಟ್ಟುಕೊಳ್ಳಿ. ಆದರೆ ಹೆದರಿಕೊಂಡು ಹಣವನ್ನೆಲ್ಲ ಎತ್ತಿ ನಿಮ್ಮ ಖಾತೆಗೆ ಹಾಕಿಕೊಳ್ಳಬೇಡಿ. ಸುಲಭ ಅನ್ನಿಸುತ್ತದೆ, ನಮಗೂ ಒಬ್ಬರು ಅದೇ ಸಲಹೆ ಕೊಟ್ಟರು. ಹಾಗೆ ಮಾಡಿದರೆ ಅದು ಅವನ ದುಡ್ಡಾಗಿ ಉಳಿಯುವುದಿಲ್ಲ. ನಾಳೆ ನೀವು ಇಲ್ಲದಾಗ ಅದು ಎಲ್ಲರಿಗೂ ಹಂಚಿಹೋಗುತ್ತದೆ.

ಆಗಲೇ 18 ದಾಟಿ ವರ್ಷಗಳಾಗಿದ್ದರೂ ಹಣ ಎಲ್ಲೂ ಹೋಗಿರುವುದಿಲ್ಲ. ಎರಡು ವರ್ಷ ವ್ಯವಹಾರ ನಡೆಯದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಆದರೆ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆಗಲೂ ಅದೇ ಬ್ಯಾಂಕಿನ ಮೂಲಕ ವಾಪಸ್ ಕೇಳಬಹುದು. ಸಮಿತಿಯ ಪತ್ರ ತೋರಿಸಿದರೂ ಬ್ಯಾಂಕು ಆಗಲ್ಲ ಅಂದರೆ, ಕಾರಣವನ್ನು ಬರೆದುಕೊಡಿ ಅಂತ ಕೇಳಿ. ಬಾಯಲ್ಲಿ "ಆಗಲ್ಲ" ಅನ್ನುವವರು ಬರೆಯುವಾಗ ಒಂದು ಸಲ ನಿಯಮ ತೆಗೆದು ನೋಡುತ್ತಾರೆ. ಲಿಖಿತ ದೂರು ಕೊಟ್ಟು 30 ದಿನ ಆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ.

ಈ ಗೋಳು ನಮ್ಮದೊಂದೇ ಅಲ್ಲ. ಬ್ರಿಟನ್ನಿನಲ್ಲಿ 2002ರ ಸೆಪ್ಟೆಂಬರ್‌ನಿಂದ 2011ರ ಜನವರಿ ಶುರುವಿನವರೆಗೆ ಹುಟ್ಟಿದ ಮಕ್ಕಳಿಗೆ ಸರ್ಕಾರವೇ ಉಳಿತಾಯ ಖಾತೆ ಮಾಡಿಸಿತ್ತು, ಚೈಲ್ಡ್ ಟ್ರಸ್ಟ್ ಫಂಡ್ ಅಂತ. 2020ರ ಸೆಪ್ಟೆಂಬರ್‌ನಲ್ಲಿ ಮೊದಲ ಮಕ್ಕಳಿಗೆ 18 ಆಯಿತು. ಬುದ್ಧಿ ವೈಕಲ್ಯ ಇದ್ದ ಮಕ್ಕಳ ತಂದೆ ತಾಯಿ ಹೋದರೆ, ಅಲ್ಲೂ ಅದೇ ಉತ್ತರ: ಕೋರ್ಟಿನಿಂದ ಆದೇಶ ತನ್ನಿ. ಸಣ್ಣ ಮೊತ್ತಕ್ಕಾಗಿ ಅಷ್ಟು ದೊಡ್ಡ ಅರ್ಜಿ ಯಾಕೆ ಅಂತ ತಂದೆ ತಾಯಿಗಳು ದನಿ ಎತ್ತಿದರು. ಸರ್ಕಾರ ಆ ಅರ್ಜಿಯ ಶುಲ್ಕ ಮಾಫಿ ಮಾಡಿತು, ಆದರೆ ಕೋರ್ಟಿನ ದಾರಿ ಹಾಗೇ ಉಳಿಯಿತು. ಅವರಿಗೆ ಇಲ್ಲದ ಜಿಲ್ಲಾ ಸಮಿತಿ ನಮಗಿದೆ. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ಜನರಿಗೆ ತಿಳಿಸದೆ ಇಟ್ಟಿರುವುದು ನನಗೆ ತುಂಬಾ ನೋವಿನ ವಿಷಯ.

ಅಕ್ಕನಿಗೆ ಪತ್ರ ಸಿಕ್ಕಿತು. ಅಕ್ಕ, ಭಾವ ಇಬ್ಬರೂ ಜಂಟಿಯಾಗಿ ಗಾರ್ಡಿಯನ್. ಖಾತೆ ಹುಡುಗನ ಹೆಸರಲ್ಲೇ ಇದೆ, ಕೆಳಗೆ ಅವರ ಹೆಸರು. ಬ್ಯಾಂಕಿನಿಂದ ಬರುವಾಗ ಭಾವ ಒಂದು ಮಾತು ಕೇಳಿದರು: "ನಾವಿಬ್ಬರೂ ಹೋದ ಮೇಲೆ?" ಆಗ ಇನ್ನೊಬ್ಬರ ಹೆಸರಿನಲ್ಲಿ ಹೊಸ ಅರ್ಜಿ ಹಾಕಬೇಕು. ಅಕ್ಕನ ಮಗಳು ದಾವಣಗೆರೆಯಲ್ಲಿ ಬಿಕಾಂ ಓದುತ್ತಿದ್ದಾಳೆ. ತಮ್ಮನ ಲೆಕ್ಕದ ನೋಟ್‌ಬುಕ್ ಈಗ ಅವಳೇ ನೋಡುತ್ತಾಳೆ. ಸಮಿತಿಗೆ ಕೊಟ್ಟ ಎಲ್ಲ ಕಾಗದಗಳ ಜೆರಾಕ್ಸ್ ಒಂದು ಫೈಲಿನಲ್ಲಿ ಹಾಕಿ, ಮೇಲೆ ತಮ್ಮನ ಹೆಸರು ಬರೆದು, ಬೀರುವಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದಾಳೆ. ಎಲ್ಲಿದೆ ಅಂತ ನನಗೂ ತೋರಿಸಿದ್ದಾಳೆ.